ಡೆಲ್ಬರ್ಟ್ ಒತ್ತಿದ ತೋಟೆ

ಡೆಲ್ಬರ್ಟ್ ಸತ್ತಿದ್ದು ನಡುಚಳಿಗಾಲದಲ್ಲಿ, ಎದೆನೋವಿನಿಂದ. ಅವನ ಹೆಸರು ಕೆಡಿಸಲು ಹೊರಟಿದ್ದು ಅವನ ಗೆಳೆಯರೇ, ಹಿಮ ಕರಗುವ ಹೊತ್ತಿಗೆ.

ಚರ್ಚಿನಲ್ಲಿ ಕಾಫಿ ಕುಡಿಯುವಾಗ ಅವನ ಹೆಂಡತಿ ಆರ್ಲೀನ್‌ಗೆ ಸುದ್ದಿ ಸಿಕ್ಕಿತು. ಗುಂಡು ಹಾರಿಸುವ ಮೈದಾನದಲ್ಲಿ ಡೆಲ್ಬರ್ಟನ ಗೆಳೆಯ ವೆಂಡೆಲ್‌ನ ರೈಫಲ್ಲು, ತೋಟೆ ತುಂಬುವ ಬಾಯಿ ಪೂರ್ತಿ ಮುಚ್ಚುವ ಮೊದಲೇ ಸಿಡಿದು ಅವನ ಕೆನ್ನೆ ಹರಿದಿತ್ತು. ತೋಟೆ ಬಂದಿದ್ದು ಡೆಲ್ಬರ್ಟ್ ತಾನು ಮದ್ದು ತುಂಬಿದ ತೋಟೆಗಳನ್ನು ಇಡುತ್ತಿದ್ದ ಕೆಂಪು ಡಬ್ಬಿಯಿಂದ. ಕೊನೆಕೊನೆಗೆ ಮುದುಕನ ಕೈ ಹತೋಟಿ ತಪ್ಪಿತ್ತು ಎಂದು ಎಲ್ಲರೂ ಆಡಿಕೊಂಡರಂತೆ. ಮೈದಾನದ ಶೆಡ್ಡಿನ ಮೇಜಿಗೆ ತಿರುಪು ಹಾಕಿ ಕೂರಿಸಿದ್ದ ಅವನ ಹೆಸರಿನ ಹಲಗೆಯನ್ನು ಶನಿವಾರ ಕಿತ್ತು ಹಾಕುತ್ತಾರಂತೆ. ಆ ಮೇಜನ್ನು ಮಾಡಿದವನೇ ಡೆಲ್ಬರ್ಟ್.

ಆರ್ಲೀನ್ ಕಪ್ಪನ್ನು ಅಲ್ಲೇ ಬಿಟ್ಟು ಎದ್ದಳು. ಮೈಯೆಲ್ಲ ಉರಿಯುತ್ತಿತ್ತು.

ಡೆಲ್ಬರ್ಟ್ ಮೊಂಟಾನಾದ ಗೋಧಿ ಗೋದಾಮಿನಲ್ಲಿ ದುಡಿದವನು. ಮಾತು ಕಡಿಮೆ. ಹೆಂಡತಿಯ ಹುಟ್ಟುಹಬ್ಬ ಮರೆಯುತ್ತಿದ್ದ, ಖಾಲಿ ತೋಟೆ ಒತ್ತುವುದನ್ನು ಮರೆತವನಲ್ಲ. ಹಾರಿಸಿದ ಮೇಲೆ ತೋಟೆಯ ಹಿತ್ತಾಳೆ ಉಬ್ಬುತ್ತದೆ. ಮತ್ತೆ ಮದ್ದು ತುಂಬುವ ಮೊದಲು ಅದನ್ನು ಅಚ್ಚಿನೊಳಗೆ ಒತ್ತಿ ಹಳೆಯ ಅಳತೆಗೆ ತರಬೇಕು. ಗ್ಯಾರೇಜಿನಲ್ಲಿ ಆರ್ಲೀನ್ ಒಂದೊಂದಕ್ಕೂ ಬೆರಳಿನಿಂದ ಜಿಡ್ಡು ಸವರಿ ಕೊಡುತ್ತಿದ್ದಳು, ಅವನು ಪ್ರೆಸ್ಸಿನ ಹಿಡಿ ಎಳೆಯುತ್ತಿದ್ದ. ಆಮೇಲೆ ಉಕ್ಕಿನ ಅಳತೆ ಕೊಳವೆಗೆ ಬಿಟ್ಟು ನೋಡುವುದು. ಬುಡ ಕೊಳವೆಯ ಅಂಚಿಗೆ ಸಮನಾಗಿ ಕೂತರೆ ಸರಿ, ಮೇಲೆದ್ದು ನಿಂತರೆ ಮತ್ತೆ ಅಚ್ಚಿಗೆ. ಒಲೆಯ ಮೇಲೆ ಮಾಂಸದ ಸಾರು ಸೀದರೂ ಅವನು ಏಳುತ್ತಿರಲಿಲ್ಲ. ಅದಕ್ಕೇ ಜಗಳ.

"ಕೈಯಲ್ಲಿ ಮುಚ್ಚೋ ರೈಫಲ್ಲಾದ್ರೆ ಬಿಗಿ ಆಗಿದ್ದು ಕೈಗೆ ಗೊತ್ತಾಗತ್ತೆ. ನಂದನ್ನ, ವೆಂಡೆಲ್ದನ್ನ ಮುಚ್ಚೋದು ಸ್ಪ್ರಿಂಗು ಕಣೇ. ಅದಕ್ಕೇನು ಗೊತ್ತಾಗತ್ತೆ? ಉಬ್ಬಿದ ತೋಟೆ ಸಿಕ್ಕಿಕೊಂಡ್ರೆ ಪೂರ್ತಿ ಮುಚ್ಚದೇನೇ ಸಿಡಿದುಬಿಡತ್ತೆ." ಎನ್ನುತ್ತಿದ್ದ.

ಮಣ್ಣು ಮಾಡಿದ ವಾರದಲ್ಲೇ ಗೆಳೆಯ ಕ್ಲೈಡ್ ಬಂದು ಪ್ರೆಸ್ಸು, ಅಚ್ಚು, ಡಬ್ಬಿಗಳನ್ನು ಕೇಳಿ ಒಯ್ದಿದ್ದ. ಕ್ಲೈಡ್ ಜಿಂಕೆ ಬೇಟೆಯವನು, ಕೈಯಲ್ಲಿ ಮುಚ್ಚುವ ರೈಫಲ್ಲಿನವನು. ತೋಟೆಯ ಕುತ್ತಿಗೆ ಮಾತ್ರ ಒತ್ತಿ ಮೈಯನ್ನು ಹಾಗೇ ಬಿಡುವುದು ಅವನ ಪದ್ಧತಿ. ಒಯ್ದ ಡಬ್ಬಿಗಳು, ಕೆಂಪುದೂ ಸೇರಿ, ಖಾಲಿ ಇದ್ದವು. ಆರ್ಲೀನೇ ಒರೆಸಿ ಕೊಟ್ಟಿದ್ದಳು.

ಶನಿವಾರ ಅವಳು ಅಳತೆ ಕೊಳವೆಯನ್ನೂ ಬೀರುವಿನಲ್ಲಿ ಉಳಿದಿದ್ದ ಡೆಲ್ಬರ್ಟನ ತೋಟೆಗಳನ್ನೂ ಕೋಟಿನ ಜೇಬಿಗೆ ಹಾಕಿಕೊಂಡು ಮೈದಾನದ ಶೆಡ್ಡಿಗೆ ಹೋದಳು. ಕ್ಲೈಡ್ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದ. ವೆಂಡೆಲ್ ಕೆನ್ನೆಗೆ ಪಟ್ಟಿ ಹಾಕಿಕೊಂಡು ಕೂತಿದ್ದ.

"ಮನಸ್ಸಿಗೆ ಹಚ್ಕೋಬೇಡ ಆರ್ಲೀನ್. ಮುದುಕರಾದ್ರೆ ಯಾರಿಗೂ ಹೀಗಾಗತ್ತೆ," ಅಂದ ಕ್ಲೈಡ್.

ಅವಳು ಅಳತೆ ಕೊಳವೆಯನ್ನು ಮೇಜಿನ ಮೇಲೆ ನಿಲ್ಲಿಸಿದಳು. ಗಂಡನ ತೋಟೆಗಳನ್ನು ಒಂದೊಂದಾಗಿ ಕೊಳವೆಗೆ ಬಿಟ್ಟಳು. ಎಲ್ಲವೂ ಟಕ್ಕೆಂದು ಇಳಿದು ಸಮನಾಗಿ ಕೂತವು. ಆಮೇಲೆ ಅಲ್ಲೇ ಇದ್ದ ಕೆಂಪು ಡಬ್ಬಿಯಿಂದ ಒಂದು ತೆಗೆದು ಬಿಟ್ಟಳು. ಅಂಚಿನಿಂದ ಮೇಲೆದ್ದು ಕಚ್ಚಿಕೊಂಡು ನಿಂತಿತು. ಇನ್ನೊಂದು. ಅದೂ ನಿಂತಿತು.

"ಡಬ್ಬಿ ಅವನದು. ಒಳಗಿರೋದು ಯಾರದು ಕ್ಲೈಡ್?"

ಕ್ಲೈಡನ ಮುಖ ಕೆಂಪೇರಿತು. ತನ್ನ ರೈಫಲ್ಲಿಗೆ ಬೇಕಾದಂತೆ ಕುತ್ತಿಗೆ ಮಾತ್ರ ಒತ್ತಲು ಅಚ್ಚನ್ನು ಮೇಲೆತ್ತಿಕೊಂಡಿದ್ದನ್ನು, ಅದನ್ನು ಹಾಗೇ ಬಿಟ್ಟು ವೆಂಡೆಲ್‌ನ ತೋಟೆಗಳನ್ನೂ ಒತ್ತಿ ಡೆಲ್ಬರ್ಟನ ಕೆಂಪು ಡಬ್ಬಿಯಲ್ಲೇ ಹಾಕಿ ಕೊಟ್ಟಿದ್ದನ್ನು ತೊದಲುತ್ತ ಒಪ್ಪಿಕೊಂಡ. ಇಷ್ಟಕ್ಕೆಲ್ಲ ಹೀಗಾಗುತ್ತದೆ ಅಂದುಕೊಂಡಿರಲಿಲ್ಲವಂತೆ.

"ನನ್ನ ಮುಖ ಹೊಲಿಸ್ಕೊಂಡು ಬಂದಾಗ ಬಾಯಿ ಬಿಡೋಕೇನಾಗಿತ್ತೋ ನಿಂಗೆ?" ಅಂದ ವೆಂಡೆಲ್.

ಕ್ಲೈಡ್ ಆರ್ಲೀನಳ ಕಡೆ ತಿರುಗಿ ಕ್ಷಮೆ ಕೇಳಿದ.

"ನನ್ನ ಯಾಕೆ ಕೇಳ್ತೀಯಾ? ಸತ್ತೋನ ಮೇಲೆ ಹಾಕ್ದೆ. ಅವನು ಎದ್ದು ಬಂದು ಅಲ್ಲ ಅನ್ನಲ್ಲ ಅಂತ ಗೊತ್ತಿತ್ತು ನಿಂಗೆ."

ಯಾರೋ ಕುರ್ಚಿ ತಂದರು, ಯಾರೋ ಕಾಫಿ. ಕಾಫಿಯನ್ನು ದೂಡಿದಳು. ಹಲಗೆ ಇದ್ದಲ್ಲೇ ಇರಲಿ ಎಂದರು ಎಲ್ಲರೂ. ಇರುತ್ತದೆ, ನಿಮ್ಮ ಅಪ್ಪಣೆ ಬೇಕಿಲ್ಲ ಅಂದಳು. ಕ್ಲೈಡನ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡು ಮೇಜಿನ ಮೇಲಿದ್ದ, ತೋಟೆಯಿಂದ ಗುಂಡು ಕೀಳುವ ಸುತ್ತಿಗೆಯನ್ನು ಅವನ ಮುಂದೆ ತಳ್ಳಿದಳು.

ಕ್ಲೈಡ್ ಡೆಲ್ಬರ್ಟನ ಮೇಜಿಗೆ ಕೂತು ಒಂದೊಂದೇ ತೋಟೆ ಬಿಚ್ಚಿ ಮದ್ದು ಸುರಿದ. ಎಲ್ಲರ ಎದುರಿಗೆ. ಆರ್ಲೀನ್ ಕೂರಲಿಲ್ಲ. ಕೊನೆಯದು ಮುಗಿಯುವವರೆಗೂ ನಿಂತೇ ಇದ್ದಳು. ಆಮೇಲೆ ಖಾಲಿ ಡಬ್ಬಿಗಳನ್ನು ಎದೆಗವಚಿಕೊಂಡು, ಪ್ರೆಸ್ಸನ್ನು ಸಂಜೆಯೊಳಗೆ ತಂದಿಡು ಎಂದು ಹೇಳಿ ಹೊರಟಳು.