ದೊಡ್ಡ ಎಂಜಿನ್, ಹಳೆಯ ಬ್ರೇಕು

ಕಳೆದ ತಿಂಗಳ ಮೊದಲ ಸೋಮವಾರ ಹುನ್ನೂರ ರಸ್ತೆಯಲ್ಲಿ ಬ್ರೇಕು ಸಾಲದೆ ನನ್ನ ಹಳೆಯ ಪಿಕಪ್ ಹಾಯ್ದು ಒಂದು ಕುರಿ ಸತ್ತಿತು. ಜಮಖಂಡಿಯ ಮೆಕ್ಯಾನಿಕ್ ದಸ್ತಗೀರ ಆ ಪಿಕಪ್‌ಗೆ ಲಾರಿಯ ಎಂಜಿನ್, ಗೇರ್‌ಬಾಕ್ಸ್ ಕೂರಿಸಿ ಮುಗಿಸಿದ ದಿನವದು. ‘ಬ್ರೇಕೂ ದೊಡ್ಡವು ಹಾಕೂಣ್ರೀ’ ಎಂದು ಅವರು ಎರಡು ಬಾರಿ ಹೇಳಿದ್ದರು. ಇವತ್ತೇ ಓಡಿಸಿ ನೋಡಬೇಕು, ಬ್ರೇಕು ಆಮೇಲೆ ಎಂದವನು ನಾನು.

‘ಎಂಜಿನ್ ಕೂಡ್ರಸ್ತಿ, ಬ್ರೇಕ್ ಮರೀತಿಯೇನಲೇ ದಸ್ತಗೀರ?’ ಎಂದು ಕುರಿಗಾಹಿ ಬೀರಪ್ಪ ಜನರೆದುರೇ ಬೈದರು. ನನ್ನ ಪಕ್ಕದಲ್ಲಿದ್ದ ದಸ್ತಗೀರ ಒಮ್ಮೆ ನನ್ನ ಮುಖ ನೋಡಿದರು. ನಾನು ಸ್ಟೇರಿಂಗ್ ಹಿಡಿದು ಸುಮ್ಮನೆ ಕುಳಿತೆ. ‘ತಪ್ಪಾತೋ ಮಾರಾಯಾ’ ಎನ್ನುತ್ತ ಅವರೇ ಇಳಿದು ಕೈಮುಗಿದರು.

ಪಿಕಪ್‌ಗೆ ಈಗ ದೊಡ್ಡ ಬ್ರೇಕು ಹಾಕಿಸಿದ್ದೇನೆ. ದಸ್ತಗೀರನ ಗ್ಯಾರೇಜಿಗೆ ಗಾಡಿ ಬಿಡಬೇಡಿ ಎಂದು ಬೀರಪ್ಪ ಹುನ್ನೂರಿನಲ್ಲಿ ಹೇಳುತ್ತಿದ್ದಾರೆ. ಬೀರಪ್ಪನ ಬಳಿ ನಾನಿನ್ನೂ ಹೋಗಿಲ್ಲ.