ಎರಡನೆಯ ಒಲೆ

ಕಂದಾಯ ಕಚೇರಿಯವರಿಗೆ ಮನೆ ಎಂದರೆ ಏನು, ಗೊತ್ತೆ? ಗೋಡೆಯಲ್ಲ, ಸೂರಲ್ಲ, ಒಳಗಿರುವ ಮನುಷ್ಯರಂತೂ ಅಲ್ಲವೇ ಅಲ್ಲ. ಮನೆ ಎಂದರೆ ಒಲೆ. ಒಂದು ಒಲೆಯಿದ್ದರೆ ಒಂದು ಮನೆ, ಎರಡಿದ್ದರೆ ಎರಡು ಮನೆ. ಮನುಷ್ಯರು ಸುಳ್ಳು ಹೇಳುತ್ತಾರೆ, ಒಲೆ ಹೇಳುವುದಿಲ್ಲ ಎಂಬುದು ಅವರ ಶಾಸ್ತ್ರ. ಅದಕ್ಕೇ ತೆರಿಗೆಗೆ ಹೊಸ ಬೆಲೆ ಕಟ್ಟಲು ಬರುವ ಅಳತೆಯವನು ಜನ ಇನ್ನೂ ಮುಖ ತೊಳೆಯುವ ಹೊತ್ತಿಗೇ ಬಂದು, ನೇರ ಅಡುಗೆಮನೆಗೆ ನುಗ್ಗಿ, ಬೂದಿಯ ಮೇಲೆ ಅಂಗೈ ಹಿಡಿಯುತ್ತಾನೆ. ಬಿಸಿ ತಾಗಿತೋ, ಪುಸ್ತಕದಲ್ಲಿ ಬರೆದ ಎಂದೇ ಲೆಕ್ಕ.

ಸಣ್ಣಕ್ಕನ ಮನೆಗೆ ಅವನು ಬಂದ ದಿನ ನಡುಗೋಡೆಯ ಈ ಕಡೆಯ ಒಲೆಗೂ ಕೈ ಹಿಡಿದ, ಆ ಕಡೆಯ ಒಲೆಗೂ ಹಿಡಿದ. ಎರಡೂ ಬೆಚ್ಚಗಿದ್ದವು.

"ಆ ಕಡೇದು ಯಾರ ಒಲೆ?" ಎಂದು ಕೇಳಿದ.

"ಅಕ್ಕಂದು" ಎಂದಳು ಸಣ್ಣಕ್ಕ.

ಅವನು "ಎರಡು ಮನೆ, ಎರಡನೆಯದರಲ್ಲಿ ಅಕ್ಕನ ವಾಸ" ಎಂದು ಬರೆದುಕೊಂಡು, ಟೇಪು ಸುತ್ತಿಕೊಂಡು ಹೊರಟುಹೋದ. ಅಕ್ಕ ಸತ್ತು ಆಗಲೇ ನಾಲ್ಕು ತಿಂಗಳಾಗಿತ್ತು.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಬಾಯಿಗೆ ಬಂದದ್ದು ಅದೊಂದೇ ಮಾತು. ಆ ಮಾತಿನ ಬೆಲೆ ಎಷ್ಟೆಂದು ತಿಳಿದದ್ದು ನೋಟೀಸು ಬಂದ ಮೇಲೆ.

ಊರಿನವರು ಇಬ್ಬರನ್ನೂ ದೊಡ್ಡಕ್ಕ, ಸಣ್ಣಕ್ಕ ಎಂದೇ ಕರೆಯುತ್ತಿದ್ದರು. ಇಬ್ಬರೂ ಮದುವೆಯಾದವರಲ್ಲ. ಗುಡ್ಡದ ಇಳಿಜಾರಿನಲ್ಲಿ ಅಪ್ಪ ಬಿಟ್ಟುಹೋದ ಐದು ಎಕರೆ; ಮೇಲೆ ಆಡು ಮೇಯುವ ಹುಲ್ಲು, ಕೆಳಗೆ ನಿಂಬೆತೋಟ. ತೋಟ ದೊಡ್ಡಕ್ಕನದು, ಆಡುಗಳು ಸಣ್ಣಕ್ಕನವು. ದೊಡ್ಡಕ್ಕ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವವಳು. ಸಣ್ಣಕ್ಕನದೋ, ಎಲುಬಿಲ್ಲದ ನಾಲಿಗೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ನಲವತ್ತಕ್ಕೆ ಬಂದವರಿಗೆ ಯಾರು ಹೇಳಿಕೊಡಬೇಕು? ಅವರಮ್ಮ ತೀರಿಕೊಂಡ ದಿನ, ಹೆಣ ಇನ್ನೂ ಒಳಗಿರುವಾಗಲೇ, ಬಂದವರೆಲ್ಲರ ಎದುರಿಗೆ ಸಣ್ಣಕ್ಕ ಅಂದುಬಿಟ್ಟಳು: "ಹೊತ್ತಿಗೆ ಸರಿಯಾಗಿ ಔಷಧಿ ಕೊಡದೆ ನೀನೇ ಕೊಂದೆ ಅಮ್ಮನ್ನ."

ಅದು ನಿಜವಲ್ಲ ಎಂದು ಆಡಿದವಳಿಗೂ ಗೊತ್ತಿತ್ತು. ಆಡಿ ಆಗಿತ್ತು. ಹದಿನೈದು ದಿನ ಕಳೆದ ಮೇಲೆ ದೊಡ್ಡಕ್ಕ ಗಾರೆಯವನನ್ನು ಕರೆಸಿ ಮನೆಯ ನಡುವೆ ಗೋಡೆ ಎಬ್ಬಿಸಿದಳು, ಹಿತ್ತಲ ಕಡೆ ಬೇರೆ ಬಾಗಿಲು ಇಡಿಸಿದಳು, ಬೇರೆ ಒಲೆ ಹಾಕಿಸಿದಳು. ಅಲ್ಲಿಂದ ಹತ್ತೊಂಬತ್ತು ವರ್ಷ ಒಬ್ಬರ ಮುಖ ಒಬ್ಬರು ನೋಡಿ ಮಾತಾಡಲಿಲ್ಲ. ಕೆಲಸ ಮಾತ್ರ ನಿಲ್ಲಲಿಲ್ಲ, ಅದೇ ವಿಚಿತ್ರ. ಸಣ್ಣಕ್ಕ ಗೊಬ್ಬರದ ಬುಟ್ಟಿಗಳನ್ನು ತೋಟದ ಅಂಚಿಗೆ ಇಟ್ಟು ಬರುವಳು. ಮರುದಿನ ಖಾಲಿ ಬುಟ್ಟಿಗಳು ಕೊಟ್ಟಿಗೆಯ ಬಾಗಿಲಲ್ಲಿರುತ್ತಿದ್ದವು. ಸಣ್ಣಕ್ಕನಿಗೆ ಅಕ್ಕ ಎಂದರೆ ಗೋಡೆಯಾಚೆಯ ಸದ್ದು ಅಷ್ಟೇ ಆಗಿ ಉಳಿದಳು: ಬೆಳಗಿನ ಕೆಮ್ಮು, ಒಲೆ ಕೆದಕುವ ಕಬ್ಬಿಣದ ಕಡ್ಡಿಯ ಕಟಕಟ.

ಒಂದು ಬೆಳಿಗ್ಗೆ ಕಡ್ಡಿಯ ಸದ್ದಾಗಲಿಲ್ಲ. ಎದ್ದು ಹೋಗಿ ನೋಡಬಾರದಿತ್ತೆ, ಮಾರಾಯ್ತಿ? ಹೋಗಲಿಲ್ಲ. ಹತ್ತೊಂಬತ್ತು ವರ್ಷದ ಹಟ ಕಾಲಿಗೆ ಕಟ್ಟಿಕೊಂಡಿತ್ತು. ಬಿಸಿಲು ಅಂಗಳಕ್ಕೆ ಬರುವವರೆಗೆ ಕಾದು, ಆಮೇಲೆ ಹಿತ್ತಲು ಸುತ್ತಿ ಹೋದಳು. ಅಕ್ಕ ಒಲೆಯ ಪಕ್ಕದಲ್ಲೇ ಬಿದ್ದಿದ್ದಳು, ಕೈಯಲ್ಲಿ ಬೆಂಕಿಪೊಟ್ಟಣ. ಜೀವ ಹೋಗಿ ಬಹಳ ಹೊತ್ತಾಗಿಲ್ಲ ಎಂದರು ಡಾಕ್ಟರು. ಎಷ್ಟು ಹೊತ್ತಾಗಿದೆ ಎಂದು ಸಣ್ಣಕ್ಕ ಕೇಳಲಿಲ್ಲ. ಕೇಳುವ ಧೈರ್ಯ ಅವಳಿಗಿರಲಿಲ್ಲ.

ಮಣ್ಣು ಮಾಡಿ ಬಂದ ಐದನೆಯ ಬೆಳಿಗ್ಗೆ ಗೋಡೆಯಾಚೆ ಕೆಮ್ಮು ಕೇಳಿಸಿತು. ಆಡು ಕೆಮ್ಮಿರಬೇಕು ಅನ್ನುತ್ತೀರಿ. ಅವಳೂ ಹಾಗೇ ಅಂದುಕೊಂಡು ಕೊಟ್ಟಿಗೆಗೆ ಹೋಗಿ ನೋಡಿದಳು. ಆಡುಗಳೆಲ್ಲ ಮಲಗಿ ಮೆಲುಕು ಹಾಕುತ್ತಿದ್ದವು. ಮತ್ತೆ ಕೆಮ್ಮು, ಒಣಕೆಮ್ಮು, ಚಳಿಯಲ್ಲಿ ಎದ್ದು ಕೂತವರದು. ಸಣ್ಣಕ್ಕ ಹಿತ್ತಲ ಬಾಗಿಲು ತೆಗೆದು, ನೆಲ ಬಿಟ್ಟು ಬೇರೆಲ್ಲೂ ನೋಡದೆ, ಅಕ್ಕನ ಒಲೆಗೆ ಎರಡು ಸೌದೆ ಇಟ್ಟು ಹಚ್ಚಿ ಓಡಿಬಂದಳು. ಕೆಮ್ಮು ನಿಂತಿತು. ಅಂದಿನಿಂದ ಒಂದು ದಿನವೂ ತಪ್ಪಿಸಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಹೇಳಿದರೆ ತಲೆ ಕೆಟ್ಟಿದೆ ಎನ್ನುತ್ತಾರೆ, ಇಲ್ಲವೇ ನಂಬುತ್ತಾರೆ, ಎರಡೂ ಅವಳಿಗೆ ಬೇಡವಾಗಿತ್ತು.

ಇನ್ನು ನೋಟೀಸಿನ ಕಥೆ. ಪೇಟೆಯ ಯಾರೋ ಒಬ್ಬ ದುಡ್ಡು ಹೆಚ್ಚಾದವನು ಗುಡ್ಡದ ಬುಡದಲ್ಲಿ ಒಂದು ತುಂಡು ಜಾಗವನ್ನು ಬಾಯಿಗೆ ಬಂದ ಬೆಲೆಗೆ ಕೊಂಡ. ಅದನ್ನೇ ಹಿಡಿದು ಕಚೇರಿ ಇಡೀ ಇಳಿಜಾರಿಗೆ ಹೊಸ ಬೆಲೆ ಕಟ್ಟಿತು. ಎಲ್ಲರ ತೆರಿಗೆಯೂ ಮೂರು ಪಟ್ಟು. ಜಮೀನಿದ್ದವರೆಲ್ಲ ಮುಚ್ಚಿಹೋದ ಶಾಲೆಯ ಕೋಣೆಯಲ್ಲಿ, ಮಕ್ಕಳ ಬೆಂಚಿನ ಮೇಲೆ ಮಂಡಿ ಮಡಚಿ ಕೂತು ಸಭೆ ಮಾಡಿದರು. ತಕರಾರು ಅರ್ಜಿ ಬರೆಯಲು ನಿವೃತ್ತ ಮೇಷ್ಟ್ರು ಸಿಕ್ಕಿದ್ದರು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರಂತೆ" ಎಂದು ಗಿರಣಿಯವನು ಕೂಗಾಡಿದ. "ಅವನು ಯಾವನೋ ಜಾಗ ಕೊಂಡಿದ್ದಕ್ಕೆ ನನ್ನ ಕಲ್ಲುಬಂಡೆ ಎಲ್ಲ ಚಿನ್ನ ಆಗೋಯ್ತಾ?"

"ಕೂಗ್ಬೇಡ, ಅಕ್ಷರ ಓರೆ ಆಗತ್ತೆ" ಎಂದರು ಮೇಷ್ಟ್ರು. ಸಣ್ಣಕ್ಕನ ನೋಟೀಸು ಓದಿ ಕನ್ನಡಕ ಮೇಲೇರಿಸಿದರು. "ನಿಂದು ಎಲ್ಲರಿಗಿಂತ ಸುಲಭ ಕಣಮ್ಮ. ಒಂದೇ ಮನೆ ಇರೋ ಸಣ್ಣ ಹಿಡುವಳಿಗೆ ತೆರಿಗೆ ಅರ್ಧ. ಎರಡು ಮನೆ ಅಂತ ಬರೆದಿದ್ದಕ್ಕೆ ಆ ರಿಯಾಯಿತಿ ಹೋಗಿದೆ. ಅಧಿಕಾರಿ ಎದುರಿಗೆ ನಿಂತು, ಅಕ್ಕ ಇಲ್ಲ, ಆ ಕಡೆ ಯಾರೂ ಇಲ್ಲ ಅಂತ ಹೇಳು. ಆ ಒಲೆ ಒಡೆದುಹಾಕು. ಅಷ್ಟೇ."

"ಹೇಳದಿದ್ರೆ?"

"ನಿಂಬೆತೋಟ ಮಾರ್ಬೇಕಾಗತ್ತೆ. ಬೇರೆ ದಾರಿ ಇಲ್ಲ."

ಸಣ್ಣಕ್ಕ ತೋಟದ ದಾರಿಯಲ್ಲೇ ಮನೆಗೆ ನಡೆದಳು. ಒಂದೊಂದು ಗಿಡದ ಬುಡಕ್ಕೂ ಅಕ್ಕ ಕಲ್ಲು ಜೋಡಿಸಿ ಕಟ್ಟೆ ಕಟ್ಟಿದ್ದಳು. ತೋಟ ಉಳಿಯಬೇಕಾದರೆ ಅಕ್ಕ ಇಲ್ಲ ಎನ್ನಬೇಕು. ಅಕ್ಕ ಇದ್ದಾಳೆ ಎಂದರೆ ಅಕ್ಕನ ತೋಟ ಹೋಗುತ್ತದೆ. ಇದೊಳ್ಳೆ ಇಕ್ಕಟ್ಟು! ದಾರಿಯುದ್ದಕ್ಕೂ ಆ ಮಾತನ್ನು ಬಾಯಲ್ಲಿ ಆಡಿ ನೋಡಿದಳು. "ಆ ಕಡೆ ಯಾರೂ..." ಎನ್ನುವಷ್ಟರಲ್ಲಿ ನಾಲಿಗೆ ನಿಂತುಬಿಡುತ್ತಿತ್ತು. ಅಮ್ಮನ ಹೆಣದ ಮುಂದೆ ಅಷ್ಟು ಸಲೀಸಾಗಿ ಹೊರಳಿದ್ದ ನಾಲಿಗೆ ಅದು.

ವಿಚಾರಣೆಯ ದಿನ ಅಧಿಕಾರಿಯ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಧಿಕಾರಿ ಚಿಕ್ಕ ವಯಸ್ಸಿನ ಹೆಂಗಸು; ನೆಗಡಿಯಾಗಿ ಮೂಗು ಕೆಂಪಾಗಿತ್ತು. ಗಿರಣಿಯವನ ಬಂಡೆ ಬಂಡೆಯೇ ಎಂದು ಒಪ್ಪಿಕೊಂಡು ಅವನನ್ನು ಕಳಿಸಿದಳು. ಆಮೇಲೆ ಸಣ್ಣಕ್ಕನ ಸರದಿ.

"ಅಕ್ಕ ತೀರಿಕೊಂಡಿದ್ದಾರೆ ಅಂತ ಅರ್ಜಿಯಲ್ಲಿದೆ. ಒಲೆ ಬಿಸಿ ಇತ್ತು ಅಂತ ನಮ್ಮವರು ಬರೆದಿದ್ದಾರೆ. ಬಾಡಿಗೆಗೆ ಕೊಟ್ಟಿದ್ದೀರಾ ಅಮ್ಮ?"

"ಇಲ್ಲ ತಾಯಿ."

"ಮತ್ತೆ ಹಚ್ಚೋದ್ಯಾರು?"

"ನಾನೇ."

"ಯಾಕೆ?"

ಹಿಂದಿನಿಂದ ಮೇಷ್ಟ್ರು ಕೆಮ್ಮಿ ಸನ್ನೆ ಮಾಡಿದರು. ಸಣ್ಣಕ್ಕ ಆ ಕೆಮ್ಮಿಗೇ ಬೆಚ್ಚಿಬಿದ್ದಳು. "ಹಚ್ಚದಿದ್ರೆ ಅವಳಿಗೆ ಚಳಿ ಆಗತ್ತೆ" ಎಂದಳು.

ಬಾಗಿಲ ಬಳಿ ಯಾರೋ ಕಿಸಕ್ಕೆಂದರು. ಗಿರಣಿಯವನು ಹೊರಳಿ ನೋಡಿದ ನೋಟಕ್ಕೆ ನಗು ಅಲ್ಲೇ ನಿಂತಿತು. ಅಧಿಕಾರಿ ಹಳೆಯ ಕಡತ ತರಿಸಿ ಹಾಳೆ ಮಗುಚಿದಳು.

"ಹಿಂದೆ ಮೂರು ಸಲ ಬೆಲೆ ಕಟ್ಟಿದಾಗಲೂ ಇದೇ ಪ್ರಶ್ನೆ ಬಂದಿದೆ. ಮೂರು ಸಲಾನೂ ನಿಮ್ಮಕ್ಕ ಬಂದು ಹೇಳಿಕೆ ಕೊಟ್ಟಿದ್ದಾರಲ್ಲ?"

"ಅಕ್ಕ? ಇಲ್ಲಿಗೆ?"

ಅಧಿಕಾರಿ ಓದಿದಳು: "ನಾನೂ ನನ್ನ ತಂಗಿಯೂ ಒಂದೇ ಮನೆಯವರು. ನನ್ನ ಕಡೆಯ ಒಲೆ ನೀರು ಕಾಯಿಸಲು ಮಾತ್ರ. ದಿನವೂ ಇಬ್ಬರೂ ಒಟ್ಟಿಗೆ ಕೂತು ಊಟ ಮಾಡುತ್ತೇವೆ. ನಮ್ಮಿಬ್ಬರ ನಡುವೆ ಮನಸ್ತಾಪವಿಲ್ಲ. ದಯವಿಟ್ಟು ಎರಡು ಮನೆ ಎಂದು ಬರೆಯಬಾರದು." ಹಾಳೆ ತಿರುಗಿಸಿ ಸಹಿ ತೋರಿಸಿದಳು. ಮೂರು ವರ್ಷ, ಮೂರು ಸಹಿ, ಒಂದೇ ಒಕ್ಕಣೆ.

ಸಣ್ಣಕ್ಕ ಮೇಜಿನ ಅಂಚು ಹಿಡಿದುಕೊಂಡಳು. "ಸುಳ್ಳು ತಾಯಿ" ಎಂದಳು. "ಒಂದು ದಿನಾನೂ ಒಟ್ಟಿಗೆ ಕೂತು ಉಣ್ಣಲಿಲ್ಲ. ನಾನು ಆಡಬಾರದ ಮಾತು ಆಡಿದ್ದೆ. ಅವಳು ಹೋಗಿಬಿಟ್ಟಳು, ತಪ್ಪಾಯ್ತು ಅಂತ ಹೇಳೋಕೂ ನನ್ನ ಕೈಲಿ ಆಗಲಿಲ್ಲ." ಹೋಗಿಬಿಟ್ಟಳು ಎಂದದ್ದು ಅವಳ ಕಿವಿಗೂ ಬಿತ್ತು. ಅಳು ಒತ್ತರಿಸಿ ಬಂತು, ಅಷ್ಟು ಜನರ ಎದುರಿಗೇ ಅತ್ತಳು.

ಅಧಿಕಾರಿ ಮೂಗು ಒರೆಸಿಕೊಂಡಳು, ಈ ಸಲ ನೆಗಡಿಗಷ್ಟೇ ಅಲ್ಲ. "ಹೇಳಿಕೆ ಸುಳ್ಳು ಅಂತ ಬರ್ಕೊಂಡ್ರೆ ಹಿಂದಿನ ವರ್ಷಗಳದ್ದೂ ನಿಮ್ಮ ಮೇಲೆ ಬೀಳತ್ತೆ. ನೀವು ಹೇಳಿದ್ದು ನನಗೆ ಕೇಳಿಸಲಿಲ್ಲ. ಆದ್ರೆ ಆಗಿನ ಹಾಗೆ ಈಗ ಬಾಯಿಮಾತು ನಡೆಯಲ್ಲಮ್ಮ. ಒಲೆ ಒಡೀರಿ. ಇಲ್ಲಾಂದ್ರೆ ಆ ಗೋಡೆಗೆ ಒಂದು ಬಾಗಿಲು ಇಡ್ಸಿ. ಒಳಗಿಂದಾನೇ ದಾರಿ ಇದ್ರೆ ಒಲೆ ಎಷ್ಟಿದ್ರೂ ಒಂದೇ ಮನೆ."

"ಬಾಗಿಲು" ಎಂದಳು ಸಣ್ಣಕ್ಕ. "ಬಾಗಿಲೇ ಇಡಿಸ್ತೀನಿ."

ಗೋಡೆ ಕಟ್ಟಿದ ಗಾರೆಯವನೇ ಒಡೆಯಲು ಬಂದ. ಅವನಿಗೂ ತಲೆ ನರೆತಿತ್ತು. ದೊಡ್ಡಕ್ಕನ ಕಡೆ ಹೋಗಿ, ಗೋಡೆಗೆ ತಾಗಿದ್ದ ಮಂಚವನ್ನೂ ಅದರ ಮೇಲೆ ಸುತ್ತಿಟ್ಟಿದ್ದ ಹಾಸಿಗೆಯನ್ನೂ ಈಚೆಗೆ ಎಳೆದ. ಸಣ್ಣಕ್ಕ ಅಂದು ಮೊದಲ ಬಾರಿಗೆ ಆ ಕೋಣೆಯಲ್ಲಿ ತಲೆಯೆತ್ತಿ ನೋಡಿದಳು. ಬಿಳಿ ಸುಣ್ಣದ ಗೋಡೆಯ ಮೇಲೆ, ಮಂಚದಲ್ಲಿ ಕೂತವರ ತಲೆಯ ಎತ್ತರಕ್ಕೆ ಸರಿಯಾಗಿ, ಅಂಗೈಯಗಲದ ಎಣ್ಣೆಯ ಕಲೆ ಇತ್ತು. ವರ್ಷಗಟ್ಟಲೆ ಅಲ್ಲೇ ತಲೆ ಆನಿಸಿ ಕೂತರೆ ಮಾತ್ರ ಬೀಳುವಂಥ ಕಪ್ಪು ಕಲೆ. ಅದರ ಆಚೆ ಬದಿಗೆ ಸಣ್ಣಕ್ಕನ ಹಾಸಿಗೆ, ಅವಳ ತಲೆದಿಂಬು.

ಗಾರೆಯವನು ಕಲೆಯ ಮೇಲೆ ಬೆರಳಿನಿಂದ ತಟ್ಟಿ ನೋಡಿದ. "ಇಲ್ಲೇ ಗಾರೆ ಸಡಿಲ ಇದೆ ಸಣ್ಣಕ್ಕಾ. ಇಲ್ಲೇ ಶುರು ಮಾಡ್ತೀನಿ, ಬೇಗ ಮುಗಿಯತ್ತೆ" ಎಂದು ಹಾರೆ ಎತ್ತಿದ.

"ಅಲ್ಲಿ ಬೇಡಪ್ಪ" ಎಂದಳು ಸಣ್ಣಕ್ಕ. "ಅಲ್ಲಿ ಅಕ್ಕ ಕೂತಿದ್ದಾಳೆ. ಸ್ವಲ್ಪ ಈಚೆ ಒಡಿ."

ಗಾರೆಯವನು ಎರಡು ಮೊಳ ಈಚೆಗೆ ಸರಿದು ಹಾರೆ ಹಾಕಿದ.