ಅಜ್ಜನ ಗಡ್ಡಕ್ಕೆಂದು ತಂದ ಕತ್ತಿ

ಆಗೆಲ್ಲ ಬೇಸಿಗೆ ಬಂತೆಂದರೆ ನಮ್ಮ ಮನೆಗೆ ಬೇರೆಯವರ ಮದುವೆಯ ವಾಸನೆ ಬರುತ್ತಿತ್ತು. ಅಜ್ಜ, ಅಪ್ಪ, ಚಿಕ್ಕಪ್ಪ ಮೂವರೂ ಅಡುಗೆಗೆ ಹೋಗುವವರು. ಸಿದ್ದಾಪುರ ಪೇಟೆಯ ನಮ್ಮ ಬಾಡಿಗೆ ಮನೆಗೆ ಅವರು ಮರಳಿದಾಗ ಪಂಚೆಯಲ್ಲಿ ಇಂಗು, ತುಪ್ಪ, ಕಟ್ಟಿಗೆ ಹೊಗೆ ಸೇರಿಕೊಂಡಿರುತ್ತಿತ್ತು. ನಾನು ಅಪ್ಪನ ಚೀಲಕ್ಕೆ ಕೈಹಾಕಿ ಬಾಳೆಲೆಯಲ್ಲಿ ಕಟ್ಟಿದ ಜಿಲೇಬಿ ಹುಡುಕುತ್ತಿದ್ದೆ. ಐದನೇ ತರಗತಿ ಮುಗಿಸಿದ ಬೇಸಿಗೆಯಲ್ಲಿ ಮಾತ್ರ ಆ ವಾಸನೆ ಬರಲಿಲ್ಲ.

ಅದಕ್ಕೂ ಮುಂಚಿನ ಚಳಿಗಾಲದಲ್ಲಿ ನಿಲ್ಕುಂದದ ಕಡೆ ಗೃಹಪ್ರವೇಶದ ಅಡುಗೆ ಮುಗಿಸಿ ಅಪ್ಪ, ಚಿಕ್ಕಪ್ಪ ಬೈಕಿನಲ್ಲಿ ಬರುತ್ತಿದ್ದರು. ಬೈಕು ಬಿಡುತ್ತಿದ್ದವನು ಚಿಕ್ಕಪ್ಪ. ಕುಡಿದಿದ್ದ. ತಿರುವಿನಲ್ಲಿ ಮರಕ್ಕೆ ಹೊಡೆಯಿತು. ಹಿಂದೆ ಕೂತಿದ್ದ ಅಪ್ಪ ಅಲ್ಲೇ ಹೋದ. ಚಿಕ್ಕಪ್ಪ ಕುಂಟು ಕಾಲಿನಲ್ಲಿ ಬದುಕಿ ಬಂದ.

ಆ ಮೇಲೆ ಅಜ್ಜ ಅವನ ಜೊತೆ ಮಾತು ಬಿಟ್ಟರು. ಒಂದೇ ಸೂರು, ಒಂದೇ ಅನ್ನ, ಮಾತಿಲ್ಲ. ಅಮ್ಮನನ್ನು ನಾನು ಆಯಿ ಅನ್ನುತ್ತಿದ್ದೆ; ಆಯಿ ಅವನಿಗೆ ಬಡಿಸುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಅಜ್ಜನ ಬೆರಳುಗಳು ವರ್ಷಗಳ ಹಿಂದೆಯೇ ಸೆಟೆದು, ಅಡುಗೆಯಲ್ಲೂ ಹೇಳಿ ಮಾಡಿಸುವುದಷ್ಟೇ ಉಳಿದಿತ್ತು; ಅವರ ಗಡ್ಡ ತೆಗೆಯುತ್ತಿದ್ದದ್ದು ಅಪ್ಪ. ಈಗ ಅದು ಕೊರಳ ಮೇಲೆ ಇಳಿದು, ಮಜ್ಜಿಗೆ ಸುರಿದು ಹುಳಿವಾಸನೆ ಹೊಡೆಯುತ್ತಿತ್ತು. ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ.

ಚಿಕ್ಕಪ್ಪ ಕುಡಿತ ಬಿಟ್ಟಿದ್ದ. ಬಿಟ್ಟದ್ದಕ್ಕೋ ಏನೋ, ಕೈ ನಡುಗುತ್ತಿತ್ತು. ಚಾ ಲೋಟ ಬಾಯಿಗೆ ಮುಟ್ಟುವಷ್ಟರಲ್ಲಿ ಅರ್ಧ ಅಂಗಿಯ ಮೇಲೆ. ಕಾಲು ತೋರಿಸಲು ಶಿರಸಿಗೆ ಹೋಗುವಾಗ ಒಮ್ಮೆ ನನ್ನನ್ನೂ ಕರೆದುಕೊಂಡು ಹೋದ. ಆಸ್ಪತ್ರೆಯಿಂದ ಬರುವಾಗ ಒಂದು ಗುಜರಿ ಅಂಗಡಿಯ ಮುಂದೆ ನಿಂತ. ಹಳೆ ಬೀಗ, ಕತ್ತರಿಗಳ ರಾಶಿಯಿಂದ ಮಡಚುವ ಕ್ಷೌರದ ಕತ್ತಿಯೊಂದನ್ನು ಎತ್ತಿಕೊಂಡ. ಬಾಯೆಲ್ಲ ತುಕ್ಕು, ಕೋಡಿನ ಹಿಡಿ ಸೀಳಿತ್ತು.

"ಇದೇನ್ ಮಾಡ್ತೀರಿ ಭಟ್ರೇ? ಧಾರ ಹೋಗಿ ಎಷ್ಟ್ ಕಾಲ ಆಯ್ತೋ," ಅಂದರು ಅಂಗಡಿಯ ಸಾಹೇಬರು.

"ಇರಲಿ, ಕೊಡಿ."

ಬಸ್ಸಿನಲ್ಲಿ ಕೇಳಿದೆ, "ಅದು ಎಂತಕ್ಕೆ ಚಿಕ್ಕಪ್ಪ?"

"ಅಜ್ಜನ ಗಡ್ಡ ತೆಗೆಯಲೆ."

"ಅಪ್ಪನ ಶೇವಿಂಗ್ ಸೆಟ್ ಇದ್ದಲಾ?"

ಅವನು ಕಿಟಕಿಯ ಹೊರಗೆ ನೋಡಿದ. "ಅದ್ನ ಮುಟ್ಟಲೆ ಕೈ ಬತ್ತಿಲ್ಲೆ ಕೂಸೆ."

ಆ ರಜೆಯೆಲ್ಲ ನಮ್ಮ ಹಿತ್ತಲಿನಲ್ಲಿ ಸೀಮೆಎಣ್ಣೆ ವಾಸನೆ. ಚಿಕ್ಕಪ್ಪ ಕತ್ತಿಯನ್ನು ಎಣ್ಣೆಯಲ್ಲಿ ನೆನೆಹಾಕಿ, ಬೂದಿ ಹಚ್ಚಿ, ಪಾಲಿಶ್ ಕಾಗದದಿಂದ ತಿಕ್ಕಿದ. ತುಕ್ಕಿನ ಕೆಳಗೆ ಬೂದುಬಣ್ಣದ ಉಕ್ಕು ಕಂಡಿತು. ಹಿಡಿಯ ಸೀಳಿಗೆ ಅಂಟು ತುಂಬಿ ದಾರ ಸುತ್ತಿದ. ಸಾಣೆಕಲ್ಲಿನ ಮೇಲೆ ಮಾತ್ರ ಸೋತ. ಅಡುಗೆಮನೆಯ ಚೂರಿ ಮಸೆದಂತೆ ಓರೆಯಾಗಿ ಹಿಡಿದು ಬಾಯಿಯನ್ನು ಗರಗಸ ಮಾಡಿಟ್ಟ. ಮತ್ತೆ ಮೊದಲಿನಿಂದ ಹಿಡಿದ. ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗುವ ಹಾಗೆ ಮಲಗಿಸಿ ಉಜ್ಜಬೇಕೆಂದು ತಿಳಿಯುವ ಹೊತ್ತಿಗೆ ಅವನ ಬೆರಳುಗಳಿಗೆಲ್ಲ ಬಟ್ಟೆ ಸುತ್ತಿತ್ತು. ಕೊನೆಗೆ ತನ್ನ ಚರ್ಮದ ಬೆಲ್ಟನ್ನು ಹಿತ್ತಲ ಕಂಬಕ್ಕೆ ಬಿಗಿದು, ಅದರ ಮೇಲೆ ಕತ್ತಿಯನ್ನು ಎಳೆದೆಳೆದು ತೀಡುತ್ತಿದ್ದ.

ಒಂದು ದಿನ ತನ್ನ ಕೆನ್ನೆಯ ಮೇಲೆಯೇ ಪರೀಕ್ಷೆ ಮಾಡಿ ಕುಯ್ದುಕೊಂಡ. ಗಾಯಕ್ಕೆ ಪಟಿಕದ ಕಲ್ಲು ಒತ್ತಿಕೊಂಡು ಕೂತಿದ್ದವನ ಎದುರು ಆಯಿ ಬಂದು ನಿಂತಳು.

"ನೆತ್ತರು ನೋಡಿದ್ದು ಸಾಕಾತು ಗಣಪತಿ. ಅದ್ನ ಬಿಸಾಕು."

"ಆಗ್ತಿಲ್ಲೆ ಅತ್ತಿಗೆ," ಅಂದ.

ಶಾಲೆ ಶುರುವಾಗುವ ಮೊದಲು, ಒಂದು ಬೆಳಿಗ್ಗೆ, ಬಿಸಿನೀರು, ಸಾಬೂನು ಹಿಡಿದು ಅಜ್ಜನ ಬೆಂಚಿನ ಮುಂದೆ ನಿಂತ.

"ಅಪ್ಪಯ್ಯ, ಗಡ್ಡ ತೆಗೀತೆ."

ಅಜ್ಜ ಕತ್ತಿ ನೋಡಿದರು. ಆಮೇಲೆ ಅದನ್ನು ಹಿಡಿದ ಕೈ ನೋಡಿದರು.

"ಕೈ ನಡುಗ್ತಿದ್ದಾ?"

ಅಪ್ಪ ಸತ್ತ ಮೇಲೆ ಅವನಿಗೆ ಅಜ್ಜ ಆಡಿದ ಮೊದಲ ಮಾತು ಅದು.

"ಇಲ್ಲೆ."

ನಡುಗುತ್ತಿತ್ತು. ನಮಗೆಲ್ಲ ಕಾಣುತ್ತಿತ್ತು. ಅಜ್ಜ ಗದ್ದ ಎತ್ತಿ ಕಣ್ಣು ಮುಚ್ಚಿದರು. ಚಿಕ್ಕಪ್ಪ ಮೊದಲು ಕತ್ತರಿಯಿಂದ ಗಡ್ಡ ಗಿಡ್ಡ ಮಾಡಿ, ನೊರೆ ಹಚ್ಚಿ, ಕೆನ್ನೆಗಳನ್ನು ಹೇಗೋ ಮುಗಿಸಿದ. ಗಂಟಲಿನ ಹತ್ತಿರ ಬಂದಾಗ ಕತ್ತಿ ಗಾಳಿಯಲ್ಲೇ ನಿಂತಿತು.

"ಆಗ್ತಿಲ್ಲೆ ಅಪ್ಪಯ್ಯ."

"ಅರ್ಧಕ್ಕೆ ಬಿಡಡ," ಅಂದರು ಅಜ್ಜ, ಕಣ್ಣು ತೆರೆಯದೆ. "ತಾಗಿದ್ರೆ ತಾಗಲಿ. ಕಳಕೊಂಬಲೆ ಇನ್ನೆಂತ ಉಳದ್ದು?"

ಆಯಿ ನನ್ನ ಭುಜವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಸಂಜೆಯವರೆಗೂ ನೋವಿತ್ತು. ಚಿಕ್ಕಪ್ಪ ಬಲಗೈ ಮಣಿಕಟ್ಟನ್ನು ಎಡಗೈಯಿಂದ ಒತ್ತಿ ಹಿಡಿದು ಕತ್ತಿ ಎಳೆದ. ಗಂಟಲ ಕೆಳಗೆ ಒಂದು ಕಡೆ ತಾಗಿತು, ನೊರೆ ಗುಲಾಬಿಯಾಯಿತು. ನಿಲ್ಲಿಸಲಿಲ್ಲ.

ಚಿಕ್ಕಪ್ಪ ಮುಖ ಒರೆಸಿದ. ಅಷ್ಟು ತಿಂಗಳು ಗಡ್ಡದೊಳಗೆ ಅಡಗಿದ್ದದ್ದು ಅಪ್ಪನ ಮುಖ. ಅದೇ ಗದ್ದ, ಅದೇ ತುಟಿಯ ಓರೆ. ಆಯಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಕ್ಕಪ್ಪ ಅಲ್ಲೇ ನೆಲಕ್ಕೆ ಕುಸಿದು ಅತ್ತ. ಅಜ್ಜ ಕೆನ್ನೆ ಸವರಿಕೊಂಡರು.

"ನಿನ್ನ ಅಣ್ಣನ ಕೈ ಹಗೂರ ಇತ್ತು," ಅಂದರು.

ಕ್ಷಮಿಸಿದ್ದೋ ಅಲ್ಲವೋ, ನನಗೆ ಇಂದಿಗೂ ತಿಳಿಯದು. ಆಮೇಲೆ ವಾರವಾರ ಚಿಕ್ಕಪ್ಪನಿಗೆ ಗದ್ದ ಎತ್ತಿ ಕೊಡುತ್ತಿದ್ದರು, ಬೇರೆ ಮಾತಿಲ್ಲ. ಆ ಮಳೆಗಾಲ ಮುಗಿಯುವುದರೊಳಗೆ ಅಜ್ಜ ತೀರಿಕೊಂಡರು. ಕ್ರಿಯೆ ಮುಗಿಸಿದ ಚಿಕ್ಕಪ್ಪ ಯಲ್ಲಾಪುರದ ಒಂದು ಖಾನಾವಳಿಗೆ ಅಡುಗೆಗೆ ಸೇರಿದ. ಹಬ್ಬಕ್ಕೂ ಬರಲಿಲ್ಲ, ಯಾರೂ ಬಾ ಎನ್ನಲೂ ಇಲ್ಲ.

ಹೋದ ವರ್ಷ ಅವನು ಸತ್ತ ಸುದ್ದಿ ಫೋನಿನಲ್ಲಿ ಬಂತು. ಕೊನೆಯವರೆಗೂ ಕುಡಿಯಲಿಲ್ಲವಂತೆ. ಹೇಳಿದಾಗ ಆಯಿ ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟಳು.

"ಅವಂಗೆ ಒಂದು ಮಾತು ಹೇಳೂದಿತ್ತು," ಅಂದಳು.

"ಎಂತ ಮಾತು ಆಯಿ?"

ಅವಳು ಮೊರ ಎತ್ತಿಕೊಂಡು ಮತ್ತೆ ಅಕ್ಕಿ ಆರಿಸತೊಡಗಿದಳು. ಅಪ್ಪನನ್ನು ನಾವು ರಸ್ತೆಯಲ್ಲಿ ಕಳೆದುಕೊಂಡೆವು. ಚಿಕ್ಕಪ್ಪನನ್ನು ಮನೆಯೊಳಗೆ, ಎದುರಿಗೇ ಕೂತು ಉಣ್ಣುತ್ತಿದ್ದಾಗಲೇ ಕಳೆದುಕೊಂಡೆವು.